ನಾಲ್ಕರಲ್ಲಿ ಮೂರು ಡಿಸ್ಕ್ ಸಿಕ್ಕರೆ ನಮ್ಮ ಪಾಠಗಳು ಉಳಿಯುತ್ತವೆ

ಆತ್ಮೀಯ ಹಳೆ ವಿದ್ಯಾರ್ಥಿಗಳೇ, ಪಾಲಕರೇ, ಊರ ಬಂಧುಗಳೇ,

ಶಾಲೆ ತೆರೆಯಲು ಮೂರು ದಿನ ಇದೆ ಎನ್ನುವಾಗ, ಮೇ ಕೊನೆಯ ರಾತ್ರಿಯೊಂದರಲ್ಲಿ ಹೊಡೆದ ಸಿಡಿಲಿಗೆ ನಮ್ಮ ಪ್ರೌಢಶಾಲೆಯ ಸರ್ವರ್ ಸುಟ್ಟುಹೋಯಿತು. ಅಘನಾಶಿನಿ ಹೊಳೆಯ ದಂಡೆಯ ಈ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಸ್ತರುಗಳು, ಅಕ್ಕೋರುಗಳು ಹದಿನಾಲ್ಕು ವರ್ಷ ಕೂಡಿಸಿಟ್ಟ ಪಾಠ ಸಾಮಗ್ರಿಯೆಲ್ಲ ಅದರೊಳಗಿತ್ತು. ಅದನ್ನು ಮರಳಿ ಪಡೆಯಲು ನಿಮ್ಮ ಮುಂದೆ ಕೈಚಾಚುತ್ತಿದ್ದೇವೆ.

ಹೋದದ್ದು ಏನು ಎಂದು ಮೊದಲು ಹೇಳಬೇಕು. ಪಠ್ಯಪುಸ್ತಕ ಹೋಗಿಲ್ಲ, ಅದು ಎಲ್ಲಾದರೂ ಸಿಗುತ್ತದೆ. ಪಠ್ಯಪುಸ್ತಕವನ್ನು ನಮ್ಮ ಹೊಳೆಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ, ನಮ್ಮ ಮಕ್ಕಳ ಮಾತಿಗೆ ಹೊಂದಿಸಿ ಮಾಡಿದ ಪಾಠ ಹೋಗಿದೆ.

ಒಂಬತ್ತನೇ ತರಗತಿಯ ಗುರುತ್ವಾಕರ್ಷಣೆ ಪಾಠ ನಿಮಗೆ ನೆನಪಿರಬಹುದು. ವಿಜ್ಞಾನ ಮಾಸ್ತರು ಅದನ್ನು ಕರಿಹಲಗೆಯ ಮೇಲೆ ಶುರು ಮಾಡುತ್ತಲೇ ಇರಲಿಲ್ಲ. ದೋಣಿ ಹತ್ತಿಳಿಯುವ ತಾರಿಬಾಗಿಲಲ್ಲಿ ಸೆಂಟಿಮೀಟರ್ ಗೆರೆ ಹಾಕಿದ ಕಂಬ ನೆಟ್ಟು, ನೀರು ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ಏರಿತು ಎಂದು ಮಕ್ಕಳಿಂದಲೇ ಬರೆಸುತ್ತಿದ್ದರು. ಭರತ ಎಂದರೆ ಚಂದ್ರ, ಸೂರ್ಯರ ಸೆಳೆತಕ್ಕೆ ಏರುವ ನೀರು. ನಿನ್ನೆಯ ಭರತಕ್ಕಿಂತ ಇಂದಿನ ಭರತ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಹುಣ್ಣಿಮೆಗೆ ನೀರು ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ಮೀನುಗಾರರ ಮನೆಯ ಮಕ್ಕಳಿಗೆ ಇದು ಮೊದಲೇ ಗೊತ್ತು. ತಮಗೆ ಗೊತ್ತಿದ್ದದ್ದೇ ವಿಜ್ಞಾನ ಎಂದು ಆ ಮಕ್ಕಳಿಗೆ ಮನದಟ್ಟಾಗುತ್ತಿದ್ದದ್ದು ಆ ಪಾಠದಲ್ಲಿ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತವರು ಆ ದಿನ ಎದ್ದು ನಿಂತು ಉಳಿದವರಿಗೆ ಹೇಳಿಕೊಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಒಂಬತ್ತು ವರ್ಷಗಳ ಆ ಲೆಕ್ಕ, ಅದರಿಂದ ಮಾಡಿದ ನಕ್ಷೆಗಳು, ಪ್ರಶ್ನೆಗಳು ಎಲ್ಲವೂ ಸರ್ವರ್‌ನಲ್ಲಿದ್ದವು.

ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಹರಳುಗಟ್ಟುವುದನ್ನು ಹಂತ ಹಂತವಾಗಿ ತೆಗೆದ ಚಿತ್ರಗಳಿದ್ದವು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಮ್ಮ ಹೊಳೆಯಲ್ಲಿ ಬೇಸಿಗೆಗೆ ಎಷ್ಟು, ಆಷಾಢದ ಮಳೆಗೆ ಎಷ್ಟು ಎಂದು ಮಕ್ಕಳು ನೀರು ಕಾಯಿಸಿ, ಉಳಿದ ಉಪ್ಪು ತೂಗಿ ಬರೆದಿದ್ದರು. ಉಪ್ಪುನೀರನ್ನೂ ನೆರೆಯನ್ನೂ ತಡೆದು ಬೆಳೆಯುವ ಕಗ್ಗ ಭತ್ತದ ಬಗ್ಗೆ ಅಜ್ಜಂದಿರನ್ನು ಕೇಳಿ ಬರೆದ ವರದಿಗಳಿದ್ದವು. ಗಜನಿಯಲ್ಲಿ ಕಗ್ಗ ಬಿತ್ತುವವರೇ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಆ ವರದಿಗಳನ್ನು ಮತ್ತೆ ಬರೆಸುವುದು ಸುಲಭವಲ್ಲ.

ನನಗೆ ರಾತ್ರಿ ನಿದ್ದೆ ಕೆಡಿಸುವುದು ಧ್ವನಿಮುದ್ರಣಗಳು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆದು ಎಷ್ಟೋ ಮನೆಗಳವರು ಜಮೀನು, ಜಾನುವಾರು ಕಳೆದುಕೊಂಡರು. ತಮ್ಮ ಅಪ್ಪ ಅಮ್ಮನಿಂದ ಕೇಳಿದ ಆ ಕಥೆಗಳನ್ನು ಹೇಳಿದ ಹಿರಿಯರ ಮಾತು, ಹಾಲಕ್ಕಿ ಸಮುದಾಯದ ಅಜ್ಜಿಯರು ಮೊಮ್ಮಕ್ಕಳ ಶಾಲೆಗೆ ಬಂದು ಕೂತು ಹಾಡಿದ ಹಾಡು, ಸಮಾಜ ಮತ್ತು ಕನ್ನಡ ಪಾಠಗಳಿಗಾಗಿ ಇವನ್ನೆಲ್ಲ ಮುದ್ರಿಸಿಟ್ಟುಕೊಂಡಿದ್ದೆವು. ಅವರಲ್ಲಿ ಹಲವರು ಈಗ ಇಲ್ಲ.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ಇನ್ನೊಂದು ಪ್ರತಿ ಇರಲಿ ಎಂದು ತಂದ ಹೊರಗಿನ ಡಿಸ್ಕನ್ನು ಅದೇ ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟಿದ್ದೆವು, ಅದೂ ಜೊತೆಗೇ ಸುಟ್ಟಿತು. ಎಲ್ಲ ಟೈಪ್ ಆಯಿತಲ್ಲ ಎಂದು, ಒರಲೆ ಹಿಡಿದ ಹಳೆ ನೋಟುಬುಕ್ಕುಗಳನ್ನು ಎರಡು ವರ್ಷದ ಹಿಂದೆ ರದ್ದಿಗೆ ಹಾಕಿದ್ದೆವು. ಯುಪಿಎಸ್ ಇತ್ತು, ಆದರೆ ಸಿಡಿಲಿನ ವಿದ್ಯುತ್ತು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲ, ಕಂಪ್ಯೂಟರ್ ಕೋಣೆಗೆ ಎಳೆದ ನೆಟ್‌ವರ್ಕ್ ತಂತಿಯಲ್ಲೂ ಬರುತ್ತದೆ ಎನ್ನುವುದು ನಮಗೆ ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಒಣಗಿ ಕಲ್ಲಾಗುವ ನಮ್ಮ ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ ಕೂಡ ದುರ್ಬಲವಾಗಿತ್ತು.

ಆದರೂ ಆಸೆ ಇದೆ, ಮತ್ತು ಅದು ಬರೀ ಸಮಾಧಾನದ ಮಾತಲ್ಲ. ಸರ್ವರ್‌ನಲ್ಲಿ ನಾಲ್ಕು ಡಿಸ್ಕ್‌ಗಳಿದ್ದವು. ಮಾಹಿತಿಯನ್ನು ಮೂರು ತುಂಡು ಮಾಡಿ ಮೂರು ಡಿಸ್ಕ್‌ಗಳಲ್ಲಿಟ್ಟು, ಆ ಮೂರನ್ನೂ ಸೇರಿಸಿ ಹಾಕಿದ ಲೆಕ್ಕವನ್ನು ನಾಲ್ಕನೆಯದರಲ್ಲಿ ಬರೆಯುವ ವ್ಯವಸ್ಥೆ ಅದು. ಈ ಸರದಿ ಪ್ರತಿ ಸಾಲಿಗೂ ಬದಲಾಗುತ್ತದೆ. ಯಾವುದೇ ಒಂದು ಡಿಸ್ಕ್ ಹೋದರೂ ಉಳಿದ ಮೂರರಿಂದ ಅದನ್ನು ಲೆಕ್ಕ ಹಾಕಿ ತೆಗೆಯಬಹುದು, ಎರಡು ಹೋದರೆ ಆಗದು. ನಮ್ಮಲ್ಲಿ ಒಟ್ಟಿಗೇ ಎರಡು ಹೋಗಿವೆ. ಒಂದರ ಮೇಲಿನ ಸರ್ಕ್ಯೂಟ್ ಪಟ್ಟಿ ಸುಟ್ಟಿದೆ, ಇನ್ನೊಂದು ತಿರುಗುವಾಗ ಟಕ್ ಟಕ್ ಎನ್ನುತ್ತದೆ. ಎರಡರಲ್ಲಿ ಒಂದು ಓದಲು ಬಂದರೂ ಎಲ್ಲವೂ ಮರಳಿ ಸಿಗುತ್ತದೆ.

ಆ ದಿನ ಬೆಳಿಗ್ಗೆ ಓಡಿ ಬಂದ ನಮ್ಮ ಹಳೆ ವಿದ್ಯಾರ್ಥಿಯೊಬ್ಬ, ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ, ಪ್ಲಗ್ ಕಿತ್ತು ‘ಇನ್ನು ಯಾರೂ ಆನ್ ಮಾಡಬೇಡಿ’ ಎಂದು ಚೀಟಿ ಅಂಟಿಸಿದ. ಟಕ್ ಟಕ್ ಎನ್ನುವ ಡಿಸ್ಕನ್ನು ಮತ್ತೆ ಮತ್ತೆ ಓಡಿಸಿದರೆ ಒಳಗಿನ ಓದುವ ಮುಳ್ಳು ತಟ್ಟೆಯನ್ನೇ ಕೆರೆದು, ಇದ್ದದ್ದೂ ಹೋಗುತ್ತದೆ. ಅಂಥದೇ ಹಳೆ ಡಿಸ್ಕಿನ ಸರ್ಕ್ಯೂಟ್ ಪಟ್ಟಿ ತಂದು ಜೋಡಿಸಿ ನೋಡೋಣ ಎಂದವರೂ ಇದ್ದರು. ಈಗಿನ ಡಿಸ್ಕ್‌ಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಹೊಂದಾಣಿಕೆಯ ವಿವರ ಇರುತ್ತದೆ, ಅದು ಆ ಸರ್ಕ್ಯೂಟ್ ಪಟ್ಟಿಯ ಮೇಲಿನ ಒಂದು ಚಿಪ್‌ನಲ್ಲಿರುತ್ತದೆ, ಆ ಚಿಪ್ಪನ್ನೂ ಬಿಡಿಸಿ ಹೊಸ ಪಟ್ಟಿಗೆ ಕೂರಿಸಬೇಕು. ಅದು ಪ್ರಯೋಗಾಲಯದ ಕೆಲಸ. ಆ ಹುಡುಗನ ಚೀಟಿ ನಮ್ಮನ್ನು ಉಳಿಸಿದೆ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ಪ್ರಯೋಗಾಲಯವೊಂದು ₹1,80,000 ಅಂದಾಜು ಕೊಟ್ಟಿದೆ. ಮಾಹಿತಿ ಸಿಗದಿದ್ದರೆ ತಪಾಸಣೆಯ ₹12,000 ಮಾತ್ರ ಕೊಡಬೇಕು. ಇದರ ಮೇಲೆ ಅರ್ಥಿಂಗ್ ಹೊಸದಾಗಿ ಮಾಡಿಸಲು, ಸಿಡಿಲು ತಡೆಯುವ ಉಪಕರಣ ಹಾಕಿಸಲು, ಪ್ರತಿ ಇಡಲು ಬೇಕಾದ ಡಿಸ್ಕ್‌ಗಳಿಗೆ ಸೇರಿ ₹95,000. ಒಂದು ಪ್ರತಿ ಶಾಲೆಯಲ್ಲಿ, ಒಂದು ಇಂಟರ್ನೆಟ್ ಸಂಗ್ರಹದಲ್ಲಿ, ಇನ್ನೊಂದು ದೇವಿಮನೆ ಘಟ್ಟ ಹತ್ತಿ ಶಿರಸಿಯ ಹಿತೈಷಿಯೊಬ್ಬರ ಮನೆಯಲ್ಲಿ. ಕರಾವಳಿಯ ಉಪ್ಪುಗಾಳಿ, ಹೊಳೆಯ ನೆರೆ ಅಲ್ಲಿಗೆ ಮುಟ್ಟುವುದಿಲ್ಲ. ಹಳೆಯ ಕಡತಗಳಲ್ಲಿ ಅರ್ಧಕ್ಕರ್ಧ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿವೆ. ಅವನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್‌ಗೆ ಬದಲಿಸುವ ಕೆಲಸವನ್ನು ಶಿಕ್ಷಕರೇ ಸಂಜೆ ಕೂತು ಮಾಡುತ್ತಾರೆ, ಅದಕ್ಕೆ ಹಣ ಬೇಡ.

ಒಟ್ಟು ₹2,75,000. ಆಡಳಿತ ಮಂಡಳಿಯವರೂ ಶಿಕ್ಷಕರೂ ಸೇರಿ ₹61,000 ಹಾಕಿದ್ದೇವೆ. ಹತ್ತು ರೂಪಾಯಿಯಾದರೂ ಕೊಡಿ, ರಸೀದಿ ಕೊಡುತ್ತೇವೆ. ಡಿಸ್ಕ್‌ಗಳು ಕೊನೆಗೂ ತೆರೆಯದಿದ್ದರೆ ಉಳಿದ ಹಣವನ್ನು ಊರಲ್ಲಿ ಸಿಗುವ ನೋಟ್ಸ್, ಪ್ರಶ್ನೆಪತ್ರಿಕೆ ಸ್ಕ್ಯಾನ್ ಮಾಡಿಸಲು, ಬದುಕಿರುವ ಹಿರಿಯರ ಮಾತನ್ನು ಮತ್ತೆ ಮುದ್ರಿಸಲು ಬಳಸುತ್ತೇವೆ. ಲೆಕ್ಕಪತ್ರ ಪ್ರತಿ ತಿಂಗಳು ಶಾಲೆಯ ಸೂಚನಾಫಲಕದಲ್ಲಿರುತ್ತದೆ. ಹಣವನ್ನು ಶಾಲೆಯ ಕಚೇರಿಗೆ ನೇರವಾಗಿ, ಇಲ್ಲವೇ ಶಾಲೆಯ ಹೆಸರಿನ ಚೆಕ್ ಮೂಲಕವೇ ಕೊಡಿ. ವಾಟ್ಸಾಪ್‌ನಲ್ಲಿ ಓಡಾಡುವ ಯಾವ ಕ್ಯೂಆರ್ ಕೋಡ್ ಕೂಡ ನಮ್ಮದಲ್ಲ.

ಹಣಕ್ಕಿಂತ ಮೊದಲು ಇನ್ನೊಂದು ಕೇಳುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತು ನೀವು ಇಳಿಸಿಕೊಂಡ ಪಾಠಗಳು, ಅಕ್ಕೋರು ಕಳಿಸಿದ ಗಣಿತದ ಪಿಡಿಎಫ್‌ಗಳು, ಮಾಸ್ತರ ಧ್ವನಿಸಂದೇಶಗಳು ನಿಮ್ಮ ಹಳೆ ಮೊಬೈಲಿನಲ್ಲಿ ಇನ್ನೂ ಇರಬಹುದು. ಮುಂಬೈಯಲ್ಲಿರಲಿ, ಗೋವಾದಲ್ಲಿರಲಿ, ಕಪಾಟಿನಲ್ಲಿಟ್ಟ ಒಡೆದ ಫೋನನ್ನು ಈ ವಾರ ಚಾರ್ಜಿಗೆ ಹಾಕಿ ನೋಡಿ. ಸಿಕ್ಕಿದ್ದನ್ನು ನಿಮ್ಮ ತರಗತಿಯ ಗುಂಪಿಗೆ ಹಾಕುವಾಗ ಫೋಟೋ, ವಿಡಿಯೋ ಆಗಿ ಬೇಡ, ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಯಾವ ವರ್ಷದ್ದು, ಯಾವ ತರಗತಿಯದ್ದು ಎಂದು ಕೆಳಗೆ ಬರೆಯಿರಿ. ಫೋನು ಆನ್ ಆಗದಿದ್ದರೆ ಎಸೆಯಬೇಡಿ, ಚೌತಿಗೆ ಊರಿಗೆ ಬರುವಾಗ ತನ್ನಿ. ಆ ಚೀಟಿ ಅಂಟಿಸಿದ ಹುಡುಗ ನೋಡಿಕೊಡುತ್ತೇನೆ ಎಂದಿದ್ದಾನೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಶಾಲಾ ಆಡಳಿತ ಮಂಡಳಿ
ಕುಮಟಾ ತಾಲೂಕು, ಉತ್ತರ ಕನ್ನಡ