ಹತ್ತುಮೀನಿಗೆ ದಾರಿ: ಈ ಮಳೆಗಾಲದಲ್ಲೇ ಒಂದು ಪರೀಕ್ಷೆ ನಡೆಯಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಮೀನುಗಳನ್ನು ಉದ್ದನೆಯ ಕೊಳವೆಯಲ್ಲಿ ಅಣೆಕಟ್ಟಿನ ಆಚೆಗೆ ಕಳಿಸುವ ವಿಡಿಯೊ ಆಗಾಗ ಎಲ್ಲರ ಮೊಬೈಲಿಗೂ ಬರುತ್ತಿರುತ್ತದೆ. ‘ಸಾಲ್ಮನ್ ಫಿರಂಗಿ’ ಅಂತ ಹೆಸರಿಟ್ಟು ಜನ ನಕ್ಕು ಮುಂದಕ್ಕೆ ಕಳಿಸುತ್ತಾರೆ. ಅದರ ಹಿಂದೆ ವರ್ಷಗಟ್ಟಲೆ ನಡೆದಿರುವ ಪರೀಕ್ಷೆಯ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಏರುವ ಹತ್ತುಮೀನಿಗಾಗಿ ನಮ್ಮ ಹೊಳೆಗಳಿಗೆ ಬೇಕಾಗಿರುವುದು ಆ ಕೆಲಸವೇ. ಅದಕ್ಕಾಗಿ ಈ ಪತ್ರ.

ಮೊದಲು ಕೊಳವೆಯ ವಿಷಯ. ಸಿಯಾಟಲ್‌ನ ವೂಶ್ ಇನೊವೇಷನ್ಸ್ ಎಂಬ ಕಂಪನಿ ಹಣ್ಣುಗಳನ್ನು ಜಜ್ಜದಂತೆ ಸಾಗಿಸಲು ಹೊರಟು, ಆಮೇಲೆ ಅದನ್ನೇ ಮೀನಿಗೆ ಹೊಂದಿಸಿತು. ಮೀನು ತಾನಾಗಿ ಈಜಿಕೊಂಡು ಬಂದು ನೀರು ಹರಿಯುವ ಒಂದು ಇಳಿಜಾರು ಹತ್ತುತ್ತದೆ. ಅಲ್ಲಿ ಕ್ಯಾಮೆರಾಗಳು ಅದರ ಫೋಟೊ ತೆಗೆದು ಗಾತ್ರ ಅಳೆದು, ತಕ್ಕ ಕೊಳವೆಗೆ ಬಿಡುತ್ತವೆ. ಕೊಳವೆ ಮೆತ್ತಗಿನದು, ಮೀನಿನ ಮೈಗೆ ಹೊಂದಿಕೊಳ್ಳುತ್ತದೆ. ಒಳಗೆ ಉದ್ದಕ್ಕೂ ನೀರಿನ ತುಂತುರು. ಮೀನಿನ ಹಿಂದೆ ಗಾಳಿಯ ಒತ್ತಡ ತುಸು ಜಾಸ್ತಿ, ಮುಂದೆ ತುಸು ಕಮ್ಮಿ. ಇಷ್ಟರಲ್ಲೇ ಅದು ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಜಾರಿಕೊಂಡು ಹೋಗಿ ಮೇಲಿನ ನೀರಿಗೆ ಬೀಳುತ್ತದೆ. ಹೊರಗಿನಿಂದ ಬಂದು ಸೇರಿಕೊಂಡ ಬೇಡದ ಜಾತಿಯ ಮೀನಾದರೆ ಅಲ್ಲೇ ಬೇರೆ ಮಾಡಬಹುದು.

ಇಂಥದ್ದೊಂದು ಯಾಕೆ ಬೇಕಾಯಿತು ಅನ್ನುವುದಕ್ಕೆ ಅಮೆರಿಕದ ಕೊಲಂಬಿಯಾ ನದಿಯ ಕಥೆ ನೋಡಬೇಕು. ಒಂದು ಕಾಲಕ್ಕೆ ಆ ನದಿಗೆ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ವಾಪಸು ಬರುತ್ತಿದ್ದವು ಅಂತ ಅಂದಾಜಿದೆ. 1938ರಲ್ಲಿ ಬಾನವಿಲ್ ಅಣೆಕಟ್ಟು ಕಟ್ಟಿದಾಗ ಮೀನಿಗೆ ಮೆಟ್ಟಿಲುಗಳನ್ನೂ ಕಟ್ಟಿದರು. ಮೇಲಿನ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮಾತ್ರ ಯಾವ ದಾರಿಯನ್ನೂ ಇಡಲಿಲ್ಲ. ಅದರ ಎತ್ತರ 168 ಮೀಟರ್. ಆಮೇಲೆ ಬಂದ ಚೀಫ್ ಜೋಸೆಫ್ ಅಣೆಕಟ್ಟಿನಲ್ಲೂ ದಾರಿ ಇಲ್ಲ. ಕೆಟಲ್ ಫಾಲ್ಸ್ ಎಂಬ ಜಲಪಾತ ತಲೆಮಾರುಗಳಿಂದ ಅಲ್ಲಿನ ಮೂಲನಿವಾಸಿಗಳು ಮೀನು ಹಿಡಿಯುತ್ತಿದ್ದ ಜಾಗ. ಅದು ಮುಳುಗುತ್ತದೆ ಅಂತ ಗೊತ್ತಾದಾಗ, 1940ರ ಜೂನ್‌ನಲ್ಲಿ ಬೇರೆಬೇರೆ ಬುಡಕಟ್ಟುಗಳ ಸಾವಿರಾರು ಜನ ಅಲ್ಲಿ ಸೇರಿ ‘ಕಣ್ಣೀರಿನ ಸಮಾರಂಭ’ ನಡೆಸಿ ಮೀನಿಗೆ ವಿದಾಯ ಹೇಳಿದರು. ಮುಂದೆ ಸುಮಾರು ಎಂಬತ್ತು ವರ್ಷ ಆ ನೀರಿಗೆ ಸಾಲ್ಮನ್ ಬರಲಿಲ್ಲ. 2019ರ ಆಗಸ್ಟ್‌ನಲ್ಲಿ ಕಾಲ್ವಿಲ್ ಬುಡಕಟ್ಟಿನವರೇ ಮೀನುಗಳನ್ನು ತಂದು ಎರಡೂ ಅಣೆಕಟ್ಟುಗಳ ಮೇಲಿನ ನೀರಿಗೆ ಬಿಟ್ಟರು. 2023ರಲ್ಲಿ ಅಲ್ಲಿನ ಸರ್ಕಾರ ಈ ಕೆಲಸಕ್ಕೆ 20 ವರ್ಷಗಳಲ್ಲಿ 20 ಕೋಟಿ ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡಿತು.

ಆ ಬುಡಕಟ್ಟುಗಳು ಕೆಲಸ ಹಿಡಿದ ಕ್ರಮ ನೋಡಿ. ಮೇಲೆ ಮೊಟ್ಟೆಯಿಡಲು ತಕ್ಕ ಜಾಗ ಉಳಿದಿದೆಯಾ, ರೋಗ ಹರಡುವ ಭಯ ಇದೆಯಾ ಅನ್ನುವುದನ್ನು ಮೊದಲು ಅಧ್ಯಯನ ಮಾಡಿದರು. ಆಮೇಲೆ ಗುರುತು ಹಾಕಿದ ಮೀನು ಬಿಟ್ಟು ಎಲ್ಲಿ ಹೋಗುತ್ತವೆ, ಎಷ್ಟು ಬದುಕುತ್ತವೆ ನೋಡುತ್ತಿದ್ದಾರೆ. ಖಾಯಂ ಆಗಿ ಏನು ಕಟ್ಟಬೇಕು ಅನ್ನುವುದು ಕೊನೆಯ ಮಾತು. ಬಾನವಿಲ್‌ನಲ್ಲಿ 1938ರಿಂದಲೂ ಮೀನು ಎಣಿಸುತ್ತಿದ್ದಾರೆ. ಮೆಟ್ಟಿಲ ಪಕ್ಕದ ಗಾಜಿನ ಕಿಟಕಿಯ ಹಿಂದೆ ಒಬ್ಬರು ಕೂತು, ಹಾದುಹೋಗುವ ಒಂದೊಂದೇ ಮೀನಿನ ಜಾತಿ ನೋಡಿ ಲೆಕ್ಕ ಬರೆಯುತ್ತಾರೆ. ಮರಿಮೀನುಗಳ ಮೈಯೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ ಇಡುತ್ತಾರೆ. ಅದು ದಾಟಿದ ಅಣೆಕಟ್ಟುಗಳೆಲ್ಲ ದಾಖಲಾಗುತ್ತಾ ಹೋಗುತ್ತವೆ. ಕೊಳವೆ ಬಂದಾಗಲೂ ಹೀಗೇ ಮಾಡಿದರು. ಕೊಳವೆಯಲ್ಲಿ ಹೋದ ಮೀನು, ಹೋಗದ ಮೀನು ಎರಡನ್ನೂ ಹೋಲಿಸಿ ನೋಡಿದರು. ಹುರುಪೆ ಕಿತ್ತಿದೆಯಾ, ಮೈಗೆ ಪೆಟ್ಟಾಗಿದೆಯಾ, ಹೊಟ್ಟೆಯಲ್ಲಿದ್ದ ಮೊಟ್ಟೆ ಆಮೇಲೆ ಮರಿಯಾಯಿತಾ ಅಂತ ಪರೀಕ್ಷಿಸಿದರು.

ಹತ್ತಿಸಿದರೆ ಅರ್ಧ ಕೆಲಸ ಅಷ್ಟೇ. ಹುಟ್ಟಿದ ಮರಿ ಕೆಳಗಿಳಿದು ಸಮುದ್ರ ಸೇರಬೇಕು, ಅಲ್ವಾ? ಅಣೆಕಟ್ಟಿನಲ್ಲಿ ವಿದ್ಯುತ್ ತಯಾರಿಸುವ ಟರ್ಬೈನ್ ದಾಟುವಾಗ ನೀರಿನ ಒತ್ತಡ ಒಮ್ಮೆಲೇ ಕುಸಿದು ಮರಿಯ ಹೊಟ್ಟೆಯ ಗಾಳಿಚೀಲ ಒಡೆಯಬಹುದು. ಎಷ್ಟು ಒತ್ತಡ, ಎಲ್ಲಿ ಪೆಟ್ಟು ಅಂತ ತಿಳಿಯಲು ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದವರು ಬೆರಳುದ್ದದ ‘ಸೆನ್ಸರ್ ಫಿಶ್’ ಎಂಬ ಸಾಧನ ಮಾಡಿದ್ದಾರೆ. ಅದನ್ನೇ ಟರ್ಬೈನಿನೊಳಗೆ ಬಿಟ್ಟು ಆಚೆ ಹಿಡಿದು, ದಾರಿಯಲ್ಲಿ ಏನೇನಾಯಿತು ಅಂತ ಓದಿಕೊಳ್ಳುತ್ತಾರೆ. ಕ್ಲೆ ಎಲಮ್ ಅಣೆಕಟ್ಟಿಗೆ ಮರಿಗಳು ಸುತ್ತುತ್ತಾ ಇಳಿಯಲು ಸುರುಳಿಯಾಕಾರದ ದಾರಿಯನ್ನೇ ವಿನ್ಯಾಸ ಮಾಡಿದರು.

ಕೊಳವೆ ಎಲ್ಲದಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ. ಕೆನಡಾದ ಫ್ರೇಸರ್ ನದಿಯಲ್ಲಿ, ಬಿಗ್ ಬಾರ್ ಎಂಬಲ್ಲಿ ಗುಡ್ಡ ಕುಸಿದು ನದಿಗೆ ಅಡ್ಡವಾಗಿದ್ದು 2019ರ ಜೂನ್‌ನಲ್ಲಿ ಗೊತ್ತಾಯಿತು. ಆ ವರ್ಷ ಹೆಲಿಕಾಪ್ಟರಿನಲ್ಲಿ ಮೀನು ಸಾಗಿಸಿದರು. ಮರುವರ್ಷ ಇದೇ ಕೊಳವೆಗಳನ್ನು ಹಾಕಿದರು. ಕೊನೆಗೆ ಹೆಚ್ಚಿನ ಮೀನುಗಳು ದಾಟಿದ್ದು ನೀರಿನ ರಭಸ ಇಳಿದ ಮೇಲೆ, ತಾವಾಗಿಯೇ. ತುರ್ತಿಗೆ ಕೊಳವೆ ಸರಿ. ಹೊಳೆಯಲ್ಲೇ ದಾರಿ ಇದ್ದರೆ ಅದಕ್ಕೆ ಸಮ ಬೇರೆ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮಲೆನಾಡಿನಲ್ಲಿ ಹತ್ತುಮೀನು ಹೊರಡುತ್ತದೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಕೆಂಪು ನೀರಿಗೆ ಎದುರಾಗಿ ಏರುತ್ತದೆ. ಕರಾವಳಿಯ ಗದ್ದೆಗಳಲ್ಲೂ ಇದೇ ಸಡಗರ. ರಾತ್ರಿ ಟಾರ್ಚ್ ಹಿಡಿದು ಕತ್ತಿಯೊಂದಿಗೆ ಹೋಗುವವರು, ತೂಬಿನ ಬಾಯಿಗೆ ಮೀನು ಹಿಡಿಯುವ ಕೂಣಿ ಒಡ್ಡುವವರು ಎಲ್ಲ ಊರಲ್ಲೂ ಇದ್ದಾರೆ. ಹತ್ತುಮೀನು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದೆ ಅಂತ ಹಿರಿಯರು ಹೇಳುತ್ತಾರೆ. ಎಲ್ಲ ದೂರನ್ನೂ ಕೂಣಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ದಾರಿಯಲ್ಲಿ ನಾವೇ ಕಟ್ಟಿದ ಕಟ್ಟೆಗಳನ್ನೂ ನೋಡಬೇಕು.

ಕಿಂಡಿ ಅಣೆಕಟ್ಟನ್ನೇ ತೆಗೆದುಕೊಳ್ಳಿ. ಮಳೆ ನಿಂತ ಮೇಲೆ ನೀರು ನಿಲ್ಲಿಸಲು ಅದರ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ, ಮಳೆ ಶುರುವಾಗುವ ಮುಂಚೆ ತೆಗೆಯಬೇಕು. ಹಲಗೆ ತೆಗೆಯುವುದು ಒಂದು ವಾರ ತಡವಾದರೂ ಮೊದಲ ನೀರಿಗೆ ಬಂದ ಮೀನು ಕೆಳಗೇ ನಿಲ್ಲುತ್ತದೆ. ತೆಗೆದರೂ ಸಮಸ್ಯೆ ಮುಗಿಯಲಿಲ್ಲ. ಕಿಂಡಿಯ ಕೆಳಗಿನ ಕಾಂಕ್ರೀಟ್ ಹಾಸು ಹೊಳೆಯ ತಳಕ್ಕಿಂತ ಎತ್ತರದಲ್ಲಿ ಉಳಿದರೆ, ಅಲ್ಲಿ ನೀರು ತೆಳ್ಳಗೆ, ಜೋರಾಗಿ ಧುಮುಕುತ್ತದೆ. ಸಾಲ್ಮನ್ ಆದರೆ ಒಂದೇ ನೆಗೆತಕ್ಕೆ ಹಾರೀತು. ನಮ್ಮ ಬೆರಳುದ್ದದ ಮೀನಿಗೆ ಅದು ಗೋಡೆ. ಕರಾವಳಿಯಲ್ಲಿ ಪಶ್ಚಿಮವಾಹಿನಿ ಯೋಜನೆಯಲ್ಲಿ ಇಂಥ ಕಟ್ಟೆಗಳು ಸಾಲುಸಾಲಾಗಿ ಬರುತ್ತಿವೆ. ಅಂತರ್ಜಲಕ್ಕೆ, ಉಪ್ಪುನೀರು ತಡೆಯಲು, ಅಡಿಕೆ ತೋಟಕ್ಕೆ ಅವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟುವಾಗಲೇ ಒಂದು ಮೂಲೆಯಲ್ಲಿ ಮೀನಿಗೆ ಒರಟಾದ ಇಳಿಜಾರು ಬಿಡುವುದು ಕಷ್ಟದ ಕೆಲಸವಲ್ಲ. ಕಟ್ಟಿದ ಮೇಲೆ ಒಡೆದು ಮಾಡುವುದೇ ಕಷ್ಟ.

ಇದಕ್ಕೆ ಅಮೆರಿಕದ ಕೊಳವೆಗಿಂತ ಲಾವೋಸ್ ದೇಶದ ಪಾಠ ಹೆಚ್ಚು ಹತ್ತಿರದ್ದು. ಅಲ್ಲೂ ಮಳೆಗಾಲಕ್ಕೆ ಮೀನು ಮೆಕಾಂಗ್ ನದಿಯಿಂದ ತಗ್ಗು ಗದ್ದೆ, ಜೌಗು ನೆಲಕ್ಕೆ ಏರುತ್ತದೆ. ಪಾಕ್ ಪುಂಗ್ ಎಂಬಲ್ಲಿ ಚಿಕ್ಕ ತೂಬುಕಟ್ಟೆಯೊಂದು ಅಡ್ಡವಾಗಿತ್ತು. ಆಸ್ಟ್ರೇಲಿಯಾದ ವಿಜ್ಞಾನಿಗಳು, ಲಾವೋಸ್‌ನವರು ಸೇರಿ ಮೊದಲು ತಾತ್ಕಾಲಿಕ ಕಾಲುವೆಗಳನ್ನು ಇಟ್ಟರು. ಇಳಿಜಾರು ಬದಲಿಸಿ ಬದಲಿಸಿ ನೋಡಿದರು, ಮೇಲೆ ಬಲೆ ಕಟ್ಟಿ ಯಾವ ಜಾತಿ ಎಷ್ಟು ಹತ್ತಿತು ಎಣಿಸಿದರು. ಯಾವುದರಲ್ಲಿ ಊರಿನ ಮೀನು ಚೆನ್ನಾಗಿ ಹತ್ತುತ್ತದೆ ಅಂತ ತಿಳಿದ ಮೇಲೆ ಖಾಯಂ ದಾರಿ ಕಟ್ಟಿದರು. ಸುಮ್ನೆ ಹೊರಗಿನ ನಕ್ಷೆ ತಂದು ನೆಟ್ಟರೆ ಏನಾಗುತ್ತದೆ ಅನ್ನುವುದನ್ನು ಬ್ರೆಜಿಲ್ ಕಂಡಿದೆ. ಅಲ್ಲಿ ಕೆಲವು ಕಡೆ ಮೀನುಗಳು ಮೆಟ್ಟಿಲು ಹತ್ತಿದವು. ಆದರೆ ಮೇಲೆ ಸಿಕ್ಕಿದ್ದು ನಿಂತ ನೀರು. ಮರಿಗೆ ಬದುಕುವ ಜಾಗ ಇರಲಿಲ್ಲ, ವಾಪಸು ಇಳಿಯುವ ದಾರಿಯೂ ಇರಲಿಲ್ಲ.

ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ. ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾ ಬ್ಯಾರೇಜ್ 1975ರಲ್ಲಿ ಶುರುವಾದ ಮೇಲೆ, ಸಮುದ್ರದಿಂದ ನದಿಗೆ ಏರುವ ಹಿಲ್ಸಾ ಮೀನು ಗಂಗೆಯ ಮೇಲ್ಭಾಗಕ್ಕೆ ಬರುವುದು ತೀರಾ ಕಮ್ಮಿಯಾಯಿತು. ಅದಕ್ಕೂ ಮುಂಚೆ ಅದು ಅಲಹಾಬಾದಿನವರೆಗೂ ಹೋಗುತ್ತಿತ್ತು. ಈಗ ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಬ್ಯಾರೇಜಿನ ಮೇಲ್ಭಾಗಕ್ಕೆ ಹಿಲ್ಸಾ ಬಿಟ್ಟು, ಕೆಲವಕ್ಕೆ ಗುರುತು ಹಾಕಿ ಹಿಂಬಾಲಿಸುತ್ತಿದ್ದಾರೆ. ಗುರುತು ಹಾಕುವ ಈ ವಿದ್ಯೆ ಕರ್ನಾಟಕಕ್ಕೆ ಬರಲು ಅಡ್ಡಿ ಏನಿದೆ?

ಕಾವೇರಿಯ ವಿಷಯ ಇನ್ನೂ ಗಂಭೀರ. ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನಿನ ತೂಕ 54 ಕೆ.ಜಿ. ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಅದು. 2018ರಲ್ಲಿ ವಿಜ್ಞಾನಿಗಳು ಅದರ ಸರಿಯಾದ ಗುರುತು ಹಚ್ಚಿದ ವರ್ಷವೇ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಇದರ ಬಳಗದ ಮೀನುಗಳಿಗೆ ನಾವು ದೇವರ ಮೀನು ಅಂತ ಪುರಿ ಹಾಕುತ್ತೇವೆ. ಮಹಶೀರ್ ಮೊಟ್ಟೆಯಿಡಲು ಹರಿಯುವ ನೀರಿನ ಜಲ್ಲಿಕಲ್ಲಿನ ಜಾಗ ಹುಡುಕಿಕೊಂಡು ಮೇಲಕ್ಕೆ ಹೋಗುತ್ತದೆ. ಕಾವೇರಿಗೆ ಅಡ್ಡಲಾಗಿ ಯಾವ ಹೊಸ ಯೋಜನೆ ಬಂದರೂ, ಈ ಮೀನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಅಧ್ಯಯನ ಅದರ ಯೋಜನಾ ವರದಿಯ ಭಾಗವಾಗಲೇಬೇಕು.

ಮೀನುಗಾರಿಕೆ ಇಲಾಖೆಗೆ, ಸಣ್ಣ ನೀರಾವರಿ ಇಲಾಖೆಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಮಲೆನಾಡಿನಲ್ಲಿ ಒಂದು, ಕರಾವಳಿಯಲ್ಲಿ ಒಂದು ಕಿಂಡಿ ಅಣೆಕಟ್ಟು ಆರಿಸಿಕೊಳ್ಳಿ. ಈ ಸಲ ಹಲಗೆಗಳನ್ನು ಮೇ ತಿಂಗಳ ಮಧ್ಯದೊಳಗೆ ತೆಗೆಸಿ. ಮರದ ಹಲಗೆ, ಕಲ್ಲು ಬಳಸಿ ಒಂದು ಪಕ್ಕದಲ್ಲಿ ತಾತ್ಕಾಲಿಕ ಇಳಿಜಾರು ಮಾಡಿ. ಮೇಲೆ ಬಲೆ ಕಟ್ಟಿ, ಎಣಿಸಿ, ಮೀನನ್ನು ಹೊಳೆಗೇ ಬಿಡಿ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಅಲ್ಲಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಕೂಣಿ ಇಡುವವರನ್ನೂ ಕೂಲಿ ಕೊಟ್ಟು ಎಣಿಸುವ ಕೆಲಸಕ್ಕೆ ಸೇರಿಸಿಕೊಳ್ಳಿ. ಯಾವ ಮೀನು ಯಾವ ಮಳೆಗೆ, ಯಾವ ಹೊತ್ತಿಗೆ, ಯಾವ ಹಳ್ಳ ಹತ್ತುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ.

ರೋಹಿಣಿ ಮಳೆಗೆ ಮುಂಚೆ ಈ ಪತ್ರ ಪ್ರಕಟವಾದರೆ ಉಪಕಾರವಾಗುತ್ತದೆ. ಆಮೇಲಾದರೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು