ಓದದ ಅಳತೆ ಬರೆಯಬೇಡ

ಮುಲುಂಡ್, ಮುಂಬಯಿ

ಚಿ. ಸುಮಾಳಿಗೆ ಸೋದರಮಾವನ ಆಶೀರ್ವಾದಗಳು.

ಪ್ರಾಜೆಕ್ಟ್ ಕರಡು ಎರಡು ಸಲ ಓದಿದೆ. ಎಂಟ್ಯಾಂಗಲ್ ಆದ, ಅಂದರೆ ಒಂದರ ಅಳತೆಗೆ ಇನ್ನೊಂದರ ಅಳತೆ ನಂಟಾದ, ಕಣಗಳ ಜೋಡಿಯಲ್ಲಿ ಒಂದನೇ ಕಣದ ಜಾಗ ಅಳೆ, ಎರಡನೆಯದರ ಮೊಮೆಂಟಮ್ (ದ್ರವ್ಯರಾಶಿ ಗುಣಿಸು ವೇಗ) ಅಳೆ, ಅಲ್ಲಿಗೆ ಒಂದನೆಯದರ ಎರಡೂ ಸಿಕ್ಕವು, ಒಂದೇ ಕಣದ ಇವೆರಡೂ ಒಟ್ಟಿಗೆ ನಿಖರವಾಗಿ ಸಿಗವು ಎಂಬ ಹೈಸನ್‌ಬರ್ಗ್ ಮಿತಿ ದಾಟಿದೆವು ಎಂದು ಬರೆದಿದ್ದೀಯ. ಯೋಚನೆ ಸಣ್ಣದಲ್ಲ. 1935ರಲ್ಲಿ ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸೆನ್ ಇಂಥದೇ ಜೋಡಿ ಹಿಡಿದು ಕ್ವಾಂಟಮ್ ಸಿದ್ಧಾಂತ ಅಪೂರ್ಣ ಎಂದು ವಾದಿಸಿದ್ದರು. ಆದರೆ 'ದಾಟಿದೆವು' ಅನ್ನುವ ಸಾಲು ತೆಗೆದುಬಿಡು ಮಗಳೇ.

ನಾನು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್‌ಗೆ ಸೇರಿದ ಹೊಸತು. ಲೇತ್‌ನಿಂದ ಒಂದೇ ಸೆಟ್ಟಿಂಗ್‌ನಲ್ಲಿ ಎರಡು ಬುಷ್ (ಟೊಳ್ಳು ಲೋಹದ ಬಿಡಿಭಾಗ) ಇಳಿದವು. ಒಂದಕ್ಕೆ ಮೈಕ್ರೋಮೀಟರ್ ಹಿಡಿದೆ. ರಾಚೆಟ್ ಟಿಕ್ ಟಿಕ್ ಅಂತು, 25.02 ಮಿ.ಮೀ. ಜೋಡಿ ತಾನೇ ಅಂತ ಇನ್ನೊಂದರ ಮುಂದೆಯೂ ಸುಮ್ನೆ ಅದನ್ನೇ ಬರೆದೆ. ಹಿರಿಯರೊಬ್ಬರು ಆ ಬುಷ್ ನನ್ನ ಕೈಗೇ ಕೊಟ್ಟು ಅಳೆಸಿದರು. ಅದೂ 25.02! ಆದರೂ ಮೊದಲು ಬರೆದದ್ದರ ಮೇಲೆ ಕೆಂಪು ಗೆರೆ ಎಳೆದರು. "ಸರಿ ಇದ್ದರೂ ಅದು ನೀನು ಓದಿದ್ದಲ್ಲ" ಅಂದರು.

ಬುಷ್‌ಗಾದರೂ ಅಳೆಯದಿದ್ದರೂ ಒಂದು ಅಳತೆ ಇದ್ದೇ ಇರುತ್ತದೆ. ಕಣದ ವಿಷಯದಲ್ಲಿ ಅಷ್ಟು ಧೈರ್ಯ ಕೂಡ ಇಲ್ಲ. ಉತ್ತರಗಳೆಲ್ಲ ಮೊದಲೇ ಕಣದೊಳಗೆ ಇದ್ದು, ದೂರದ ಅಳತೆ ಇಲ್ಲಿಗೆ ತಟ್ಟದೇ ಇದ್ದರೆ, ಜೋಡಿಯ ಹೊಂದಾಣಿಕೆ ಒಂದು ಮಿತಿಯೊಳಗೇ ಇರಬೇಕು ಎಂದು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದರು. ಪ್ರಯೋಗಗಳಲ್ಲಿ ಹೊಂದಾಣಿಕೆ ಆ ಮಿತಿಯನ್ನು ಮೀರಿತು. ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ 2022ರ ನೊಬೆಲ್ ಬಂದದ್ದು ಈ ಪ್ರಯೋಗಗಳಿಗೇ.

ನಿನ್ನ ಲೆಕ್ಕ ಜಾರಿದ್ದು ಇಲ್ಲಿ. ಒಂದನೇ ಕಣದ ಜಾಗ ಅಳೆದ ಮೇಲೆ ಅದರ ಮೊಮೆಂಟಮ್ಮನ್ನೂ ಅಳೆದು ನೋಡು. ಎರಡನೇ ಕಣ ಹೇಳಿದ ಸಂಖ್ಯೆಗೆ ತಾಳೆ ಬೀಳುವುದಿಲ್ಲ, ಸಲಕ್ಕೊಂದು ಬರುತ್ತದೆ. ಜಾಗ ಎಷ್ಟು ನಿಖರವೋ ಚದುರಾಟ ಅಷ್ಟು ಜಾಸ್ತಿ. ಆ ನಂಟು ಅಳತೆಯಲ್ಲೇ ಕಡಿದುಹೋಯಿತು, ಅಲ್ವಾ? ಎರಡರ ನಡುವಿನ ಅಂತರ ಮತ್ತು ಒಟ್ಟು ಮೊಮೆಂಟಮ್ ಮಾತ್ರ ಒಟ್ಟಿಗೇ ನಿಖರವಾಗಿ ಇರಬಹುದು. ಅದನ್ನು ಹೈಸನ್‌ಬರ್ಗ್ ನಿಯಮ ಎಂದೂ ತಡೆದಿಲ್ಲ.

ಹಾಗಂತ ವಿಷಯ ಬಿಡಬೇಡ. ದಾಟಲು ಬರುವ ಬೇರೆ ಮಿತಿಯೊಂದಿದೆ. ಏನನ್ನಾದರೂ ನಂಟಿಲ್ಲದ 100 ಪರಮಾಣುಗಳಿಂದ ಅಳೆದರೆ, ಒಂದರಿಂದ ಅಳೆದಾಗಿನ ಅನಿಶ್ಚಿತತೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಎಲ್ಲವೂ ಎಂಟ್ಯಾಂಗಲ್ ಆದರೆ ನೂರನೇ ಒಂದರವರೆಗೂ ಇಳಿಸಬಹುದು, ಲೆಕ್ಕದ ಪ್ರಕಾರ. ಲ್ಯಾಬಿನಲ್ಲಿ ಅಳತೆ ಕದಡುವ ಏರಿಳಿತಗಳ ಗದ್ದಲದಲ್ಲಿ ಅಷ್ಟು ಸಿಗುವುದು ಕಷ್ಟ. ಅಮೆರಿಕದ ವೀಕ್ಷಣಾಲಯ ಲೈಗೊದವರು 2019ರಿಂದ ಹಿಂಡಿದ ಬೆಳಕು (ಒಂದು ಗುಣದಲ್ಲಿ ಗದ್ದಲ ಕುಗ್ಗಿಸಿದ ಬೆಳಕು) ಬಳಸಿ ಗುರುತ್ವ ಅಲೆ ಹಿಡಿಯುತ್ತಿದ್ದಾರೆ. ಒಂದು ಕಡೆ ಗದ್ದಲ ಹಿಂಡಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಹೈಸನ್‌ಬರ್ಗ್‌ಗೆ ಕೊಡಬೇಕಾದ್ದು ಕೊಟ್ಟೇ ಕೊಡುತ್ತಾರೆ. ನಮ್ಮ ಮಹಾರಾಷ್ಟ್ರದ ಹಿಂಗೋಲಿಯಲ್ಲೂ ಅಂಥ ವೀಕ್ಷಣಾಲಯ ಕಟ್ಟಲು 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ನೀನು ಪುಣೆಯಲ್ಲೇ ಇದ್ದೀಯ, ಆ ಕಡೆ ಕಣ್ಣಿಡು. ನನಗೆ ಅದೇ ಆಸೆ.

ಕರಡಿನ ಟೇಬಲ್‌ನಲ್ಲಿ ಎರಡು ಕಾಲಂ ಮಾಡು: 'ಓದಿದ್ದು', 'ಊಹಿಸಿದ್ದು'. ಯಾವ ಸಂಖ್ಯೆ ಯಾವ ಕಣದ್ದು, ಯಾವ ಸಲದ್ದು ಎಂದು ಬರೆ. ಗಣಪತಿ ಹಬ್ಬಕ್ಕೆ ಡೆಕ್ಕನ್ ಕ್ವೀನ್ ರೈಲಿಗೆ ಬರುವಾಗ ತಾ, ಕೂತು ನೋಡೋಣ. ದಾದರ್‌ಗೆ ನಾನೇ ಬರುತ್ತೇನೆ.

ನಿನ್ನ ಮಾವ