ಗ್ರನಾಡಾದಲ್ಲಿ ರಾತ್ರಿ ಊಟ

ಗ್ರನಾಡಾ, ಸ್ಪೇನ್

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ಹಾಸ್ಟೆಲಿನವರ ಜೊತೆ ರಾತ್ರಿ ಹೊರಗೆ ಹೋದರೆ ಏನು ತಿನ್ನುತ್ತೀ, ಕುಡಿಯದವಳು ಅವರ ನಡುವೆ ಹೇಗೆ ಕೂರುತ್ತೀ ಅಂತ ಅಮ್ಮ ಕೇಳಿದ್ದೆಯಲ್ಲ. ಬೇಸಿಗೆಗೆ ಪುಟ್ಟನೂ ಈ ಕಡೆ ಬರುವವನು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಕುಡಿಯದವರಿಗೆ, ಮಾಂಸ ತಿನ್ನದವರಿಗೆ ಇಷ್ಟು ಅನುಕೂಲದ ಊರು ಸ್ಪೇನಿನಲ್ಲಿ ಕಡಿಮೆ. ಇಲ್ಲಿನ ಬಾರುಗಳಲ್ಲಿ ಕುಡಿಯಲು ಏನಾದರೂ ತೆಗೆದುಕೊಂಡರೆ ಜೊತೆಗೆ ಒಂದು ಸಣ್ಣ ತಟ್ಟೆ ತಿಂಡಿ ಪುಕ್ಕಟೆ ಬರುತ್ತದೆ. ಅದೇ ಟಾಪಾ. ಬಾರ್ಸಿಲೋನಾದಲ್ಲಾದರೆ ಅದಕ್ಕೆ ಬೇರೆ ದುಡ್ಡು. ಬಿಯರೇ ಬೇಕೆಂದಿಲ್ಲ, 'ಮೋಸ್ತೊ' ಅಂದರೆ ಹುಳಿ ಬರಿಸದ ದ್ರಾಕ್ಷಿ ರಸ, ಅದಕ್ಕೂ ತಟ್ಟೆ ಬರುತ್ತದೆ. ಬರೀ ನಲ್ಲಿ ನೀರು ಕೇಳಿದರೆ ಇಲ್ಲ. ಮೂರು ಸುತ್ತಿಗೆ ಹೊಟ್ಟೆ ತುಂಬುತ್ತದೆ.

ಯಾವ ತಿಂಡಿ ಅನ್ನುವುದು ಅಡುಗೆಮನೆಯವರ ಆಯ್ಕೆ. ಆದ್ದರಿಂದ ತಟ್ಟೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ, ಪಾನೀಯ ಹೇಳುವಾಗಲೇ ಹೇಳಬೇಕು. 'ಸಿನ್ ಕಾರ್ನೆ', ಮಾಂಸ ಬೇಡ, ಅಂದರೆ ಸಾಲದು. ಹಂದಿ ತೊಡೆಯ ಹಮೋನನ್ನೂ ಟ್ಯೂನಾ ಮೀನನ್ನೂ ಎಷ್ಟೋ ಜನ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ' ಎಂದು ಮೂರನ್ನೂ ಹೇಳಬೇಕು. ಟೊಮೇಟೊ, ಬ್ರೆಡ್ಡು, ಆಲಿವ್ ಎಣ್ಣೆ ಅರೆದ ತಣ್ಣನೆಯ ಸಾಲ್ಮೊರೇಹೊ ನೋಡಲು ಸಸ್ಯಾಹಾರವೇ, ಆದರೆ ಮೇಲೆ ಮೊಟ್ಟೆ, ಹಮೋನ್ ಚೂರು ಉದುರಿಸಿರುತ್ತಾರೆ. ತೊರ್ತಿಯಾ ಅಂದರೆ ಆಲೂಗಡ್ಡೆ ಹಾಕಿದ ಮೊಟ್ಟೆಯ ದಪ್ಪ ಬಿಲ್ಲೆ.

ಕೇಳಿ ತಿನ್ನಬೇಕಾದ್ದು ಬೆರೆನ್ಹೇನಾಸ್ ಕೋನ್ ಮಿಯೆಲ್. ಬದನೆಕಾಯಿಯನ್ನು ಸೀಳಿ, ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಪಾಕ ಎಳೆಎಳೆಯಾಗಿ ಬಿಡುತ್ತಾರೆ. ಕಪ್ಪಗೆ, ಗಟ್ಟಿಯಾಗಿ, ಥೇಟ್ ನಮ್ಮ ಜೋನಿ ಬೆಲ್ಲ! ಈ ಜಿಲ್ಲೆಯ ಕರಾವಳಿಯಲ್ಲಿ ಶತಮಾನಗಳ ಕಾಲ ಕಬ್ಬು ಬೆಳೆಯುತ್ತಿದ್ದರು. ಮೀನು ಕರಿದ ಎಣ್ಣೆಯಲ್ಲೇ ಕರಿಯುವ ಕಡೆಯೂ ಉಂಟು, ಅದನ್ನು ಮೊದಲೇ ವಿಚಾರಿಸಬೇಕು.

ಸಂಜೆ 7ಕ್ಕೇ ಹೋದರೆ ಒಲೆ ಹೊತ್ತಿರುವುದಿಲ್ಲ, ನಾಲ್ಕು ಆಲಿವ್ ಕೊಟ್ಟಾರು ಅಷ್ಟೆ. 8.30ರ ಮೇಲೆ ಹೋಗಬೇಕು. ಜೂನಿನಲ್ಲಿ ಸೂರ್ಯ ಮುಳುಗುವುದೇ 9.30 ದಾಟಿದ ಮೇಲೆ. ಅಲ್ಲಿಯವರೆಗೆ ಅಲ್ಬೈಸೀನ್ ಗುಡ್ಡದ ಸಾನ್ ನಿಕೊಲಾಸ್ ಕಟ್ಟೆಯಲ್ಲಿ ಕೂತರೆ ಎದುರಿಗೇ ಅಲ್ಹಂಬ್ರಾ ಕೋಟೆ ಕೆಂಪಾಗುತ್ತಾ ಬರುತ್ತದೆ. ಎಲ್ಲರ ಕಣ್ಣೂ ಕೋಟೆ ಮೇಲಿರುವ ಹೊತ್ತೇ ಜೇಬುಗಳ್ಳರಿಗೆ ಸುಗ್ಗಿ, ಚೀಲ ಎದೆ ಮುಂದಿರಲಿ. ಇಳಿಯುವ ಓಣಿಗಳಿಗೆ ನುಣ್ಣನೆಯ ಕಲ್ಲು ಹಾಸಿದ್ದಾರೆ. ಸವೆದ ಚಪ್ಪಲಿ ಜಾರುತ್ತದೆ.

ದುಡ್ಡಿಗೆ ಇಲ್ಲಿಯವರದೇ ಪದ್ಧತಿ ಇದೆ, 'ಬೋತೆ'. ಹೊರಡುವಾಗಲೇ ತಲೆಗೆ 10 ಯೂರೊ ಒಬ್ಬರ ಕೈಗೆ ಕೊಟ್ಟು, ಎಲ್ಲ ಕಡೆ ಅವರೇ ಕೊಡುವುದು. ಗಿಜಿಗುಡುವ ನಾವಾಸ್ ಬೀದಿಯಲ್ಲಿ ಆರು ಜನ ಆರು ಬಿಲ್ ಕೇಳಿದರೆ ಬಾರಿನವರಿಗೆ ತಲೆ ಕೆಡುತ್ತದೆ. ಆರಕ್ಕಿಂತ ಹೆಚ್ಚಿದ್ದರೆ ಒಟ್ಟಿಗೆ ಜಾಗವೂ ಸಿಗದು. ಹೊರಗಿನ ಮೇಜಿಗೆ ಕೆಲವು ಕಡೆ ರೇಟು ಜಾಸ್ತಿ, ಒಳಗೆ ನಿಂತು ತಿನ್ನುವುದೇ ವಾಸಿ.

ಪುಟ್ಟ, ಯಾರಾದರೂ ಬಾಟಲಿ ಕೊಂಡು ಚೌಕದಲ್ಲಿ ಕೂರೋಣ ಅಂದರೆ ಹೋಗಬೇಡ. ಬೀದಿಯಲ್ಲಿ ಕುಡಿಯುವ ಗುಂಪಿನಲ್ಲಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ಏನೇ ತೊಂದರೆಯಾದರೂ 112ಕ್ಕೆ ಫೋನ್ ಮಾಡು.

ಇಂತಿ ನಿಮ್ಮ ಮಗಳು